ಪಾಚಿ, ಬಸವನಹುಳು, ಸೊಳ್ಳೆಮರಿ: ಅಕ್ವೇರಿಯಂ ಮತ್ತು ಕೊಳದ ಕಾಟ ತಗ್ಗಿಸುವ ದಾರಿ

ಅಕ್ವೇರಿಯಂ ಗಾಜು ಹಸಿರಾದ ಕೂಡಲೇ ಹೆಚ್ಚಿನವರು ಪಾಚಿ ಕೊಲ್ಲುವ ಔಷಧಿಯ ಬಾಟಲಿ ಹುಡುಕುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಗೆ ಮಾಡಬೇಕಾದ ಕೆಲಸ. ಪಾಚಿ ಮಿತಿಮೀರುವುದು ಬೆಳಕು ಮತ್ತು ಪೋಷಕಾಂಶ ಜಾಸ್ತಿಯಾದಾಗ. ಔಷಧಿ ಹಾಕಿದರೆ ಇರುವ ಪಾಚಿ ಸಾಯುತ್ತದೆ, ಅದು ಅಲ್ಲೇ ಕೊಳೆತು ಗೊಬ್ಬರವಾಗುತ್ತದೆ, ಆ ಗೊಬ್ಬರ ತಿಂದು ಹೊಸ ಪಾಚಿ ಹಾಜರಾಗುತ್ತದೆ. ಬಸವನಹುಳು, ಹೈಡ್ರಾ, ಬಿಳಿ ಹುಳುಗಳ ವಿಷಯವೂ ಹೆಚ್ಚುಕಮ್ಮಿ ಇಷ್ಟೇ. ಅವಕ್ಕೆ ಊಟ ಹಾಕುತ್ತಿರುವವರು ನಾವೇ.

ಇನ್ನೊಂದು ಮಾತು. ಪಾಚಿಯೇ ಇಲ್ಲದ ನೀರು ಬೇಕು ಅಂತ ಹಠ ಹಿಡಿಯಬೇಡಿ. ಕಲ್ಲಿನ ಮೇಲೆ ತೆಳುವಾಗಿ ಹಸಿರು ಹಿಡಿದಿದ್ದರೆ ಅದು ಮೀನಿಗೆ, ಸೀಗಡಿಗೆ ತಿಂಡಿ. ಗಿಡದ ಎಲೆಯನ್ನು ಮುಚ್ಚತೊಡಗಿದಾಗ, ನೀರು ಮಬ್ಬಾದಾಗ, ಕೆಟ್ಟ ವಾಸನೆ ಬಂದಾಗ ಮಾತ್ರ ಕೈ ಹಾಕಬೇಕು.

ಮೊದಲು ಮುಟ್ಟಿ ನೋಡಿ

ಯಾವ ಪಾಚಿ ಅಂತ ಗೊತ್ತಾಗದೆ ಯಾವ ಉಪಾಯವೂ ನಡೆಯುವುದಿಲ್ಲ. ಬೆರಳಿನಿಂದ ಉಜ್ಜಿ ನೋಡಿ, ಬೇಕಾದರೆ ಮೂಸಿಯೂ ನೋಡಿ.

ಕಂದು ಬಣ್ಣದ ಪುಡಿ, ಬೆರಳು ತಾಗಿದರೆ ಸಾಕು ಮೋಡದ ಹಾಗೆ ಎದ್ದು ಹೋಗುತ್ತದೆ ಅಂದರೆ ಅದು ಡಯಾಟಮ್. ಹೊಸದಾಗಿ ಶುರು ಮಾಡಿದ ತೊಟ್ಟಿಯಲ್ಲಿ ಇದು ಬಂದೇ ಬರುತ್ತದೆ, ಕೆಲವು ವಾರಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ಗಾಜು ಒರೆಸಿ, ಸುಮ್ನೆ ಬಿಟ್ಟುಬಿಡಿ.

ಗಾಜಿನ ಮೇಲೆ ಚುಕ್ಕೆ ಚುಕ್ಕೆಯಾಗಿ ಕೂತು, ಉಗುರಿನಿಂದ ಕೆರೆದರೂ ಬಿಡದಿದ್ದರೆ ಹಸಿರು ಚುಕ್ಕೆ ಪಾಚಿ. ಬ್ಲೇಡಿನಿಂದ ಹೆರೆಯಬೇಕು. ತೊಟ್ಟಿ ಅಕ್ರಿಲಿಕ್ ಆಗಿದ್ದರೆ ಬ್ಲೇಡ್ ಮುಟ್ಟಿಸಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ. ಹಳೆಯ ಪ್ಲಾಸ್ಟಿಕ್ ಕಾರ್ಡಿನ ಅಂಚು ಸಾಕು.

ಉದ್ದ ಎಳೆಗಳಾಗಿ ಗಿಡಕ್ಕೆ ಸುತ್ತಿಕೊಂಡಿದ್ದರೆ ಎಳೆ ಪಾಚಿ. ಹಳೆಯ ಟೂತ್‌ಬ್ರಷ್ಷನ್ನು ಅದರೊಳಗೆ ಚುಚ್ಚಿ ತಿರುಗಿಸಿದರೆ ನೂಲಿನ ಉಂಡೆಯ ಹಾಗೆ ಸುತ್ತಿಕೊಂಡು ಬರುತ್ತದೆ.

ಗಾಜು ಸ್ವಚ್ಛವಾಗಿದ್ದು ನೀರೇ ಹಸಿರಾಗಿದ್ದರೆ ಅದು ತೇಲುವ ಸೂಕ್ಷ್ಮ ಪಾಚಿ. ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ನೀರು ಬದಲಿಸಿದರೂ ಬೇಗ ಮತ್ತೆ ಹಸಿರಾಗುತ್ತದೆ.

ಎಲೆಯ ಅಂಚಿನಲ್ಲಿ, ಫಿಲ್ಟರಿನ ಬಾಯಲ್ಲಿ ಕಪ್ಪು ಗಡ್ಡದ ಹಾಗೆ ಕುಚ್ಚುಕುಚ್ಚಾಗಿ ಬೆಳೆದು, ಎಳೆದರೂ ಬಾರದಿದ್ದರೆ ಕಪ್ಪು ಗಡ್ಡ ಪಾಚಿ. ಕಾಣಲು ಕಪ್ಪಾದರೂ ಇದು ಕೆಂಪು ಪಾಚಿಗಳ ಗುಂಪಿನದು.

ಕೊನೆಯದು ನೀಲಿಹಸಿರು ಲೋಳೆ. ಮರಳಿನ ಮೇಲೆ ಹಾಳೆ ಹಾಸಿದಂತೆ ಹರಡುತ್ತದೆ, ಒಂದು ತುದಿ ಹಿಡಿದರೆ ಪೂರ್ತಿ ಪದರ ಎದ್ದು ಬರುತ್ತದೆ, ಮುಗ್ಗಲು ವಾಸನೆ ಹೊಡೆಯುತ್ತದೆ. ಇದು ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ. ಹಾಗಾಗಿ ಪಾಚಿ ತಿನ್ನುವ ಮೀನುಗಳು ಇದರ ಹತ್ತಿರವೂ ಸುಳಿಯುವುದಿಲ್ಲ.

ಬೆಳಕು ಕಡಿಮೆ ಮಾಡಿ

ತೊಟ್ಟಿಯ ದೀಪ ಬೆಳಗ್ಗೆಯಿಂದ ರಾತ್ರಿ ಮಲಗುವವರೆಗೂ ಉರಿಯುತ್ತಿದ್ದರೆ ಬೇರೆ ಕಾರಣ ಹುಡುಕಬೇಕಾಗಿಲ್ಲ. ದಿನಕ್ಕೆ 6ರಿಂದ 8 ಗಂಟೆ ಸಾಕು. ಹೊಸ ತೊಟ್ಟಿಯಾದರೆ 6 ಗಂಟೆಯಿಂದಲೇ ಶುರು ಮಾಡಿ. ಒಂದು ಟೈಮರ್ ಹಾಕಿಬಿಡಿ, ನಿಮ್ಮ ನೆನಪಿನ ಮೇಲೆ ಬಿಡಬೇಡಿ. ಕಿಟಕಿಯ ಬಿಸಿಲು ನೇರವಾಗಿ ಬೀಳುತ್ತಿದ್ದರೆ ಪರದೆ ಹಾಕಿ ಅಥವಾ ಆ ಬದಿಯ ಗಾಜಿಗೆ ಹೊರಗಿನಿಂದ ಕಾಗದ ಅಂಟಿಸಿ.

ಹಸಿರು ನೀರಿಗೆ ಪೂರ್ತಿ ಕತ್ತಲು ಒಳ್ಳೆಯ ಮದ್ದು. ದೀಪ ಆರಿಸಿ, ತೊಟ್ಟಿಯನ್ನು ದಪ್ಪ ಬಟ್ಟೆಯಿಂದ ಸುತ್ತ ಮುಚ್ಚಿ, 3ರಿಂದ 4 ದಿನ ಹಾಗೇ ಬಿಡಿ. ಮಧ್ಯೆ ಇಣುಕಬೇಡಿ. ಆರೋಗ್ಯವಂತ ಮೀನುಗಳಿಗೆ ಅಷ್ಟು ದಿನ ಊಟ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಏರ್ ಪಂಪ್ ಮಾತ್ರ ನಿಲ್ಲಬಾರದು, ಯಾಕೆಂದರೆ ಸಾಯುವ ಪಾಚಿ ಕೊಳೆಯುವಾಗ ನೀರಿನ ಆಮ್ಲಜನಕ ಖಾಲಿಯಾಗುತ್ತದೆ. ಬಟ್ಟೆ ತೆಗೆದ ದಿನವೇ ಮೂರನೇ ಒಂದು ಭಾಗದಷ್ಟು ನೀರು ಬದಲಿಸಿ, ಇಲ್ಲದಿದ್ದರೆ ಸತ್ತದ್ದೆಲ್ಲ ಅಲ್ಲೇ ಗೊಬ್ಬರವಾಗುತ್ತದೆ.

ಊಟದ ಲೆಕ್ಕ

ಒಂದು ದಿನ ಮೀನಿಗೆ ಊಟ ಹಾಕಿ ಅಲ್ಲೇ ಕುರ್ಚಿ ಎಳೆದು ಕೂತು ನೋಡಿ. ಮೊದಲ ಅರ್ಧ ನಿಮಿಷ ಎಲ್ಲವೂ ಮೇಲೆ ಬಂದು ಮುಗಿಬೀಳುತ್ತವೆ. ಒಂದು ನಿಮಿಷಕ್ಕೆ ಅರ್ಧ ಮೀನುಗಳು ಬಾಯಿಗೆ ತೆಗೆದುಕೊಂಡದ್ದನ್ನು ಉಗುಳುತ್ತಿರುತ್ತವೆ. ಎರಡು ನಿಮಿಷದ ಹೊತ್ತಿಗೆ ಉಳಿದ ಚೂರುಗಳು ನಿಧಾನಕ್ಕೆ ಇಳಿದು ಕಲ್ಲಿನ ಹಿಂದೆ, ಗಿಡದ ಬುಡದಲ್ಲಿ, ಮೀನು ಹೋಗದ ಮೂಲೆಯಲ್ಲಿ ಕೂರುತ್ತವೆ. ಬಸವನಹುಳುಗಳು ಎಲ್ಲಿ ಗುಂಪುಗೂಡಿವೆ ನೋಡಿ, ಅದೇ ಮೂಲೆ ಅಲ್ವಾ? ಎರಡು ನಿಮಿಷದಲ್ಲಿ ಖಾಲಿಯಾಗುವಷ್ಟೇ ಹಾಕಬೇಕು, ವಾರಕ್ಕೆ ಒಂದು ದಿನ ಏನೂ ಹಾಕಬಾರದು. ಮನೆಯಲ್ಲಿ ಮೂರು ಜನ ಮೂರು ಹೊತ್ತು ಊಟ ಹಾಕುತ್ತಿದ್ದರೆ ಆ ಕೆಲಸ ಒಬ್ಬರಿಗೇ ವಹಿಸಿ.

ವಾರಕ್ಕೊಮ್ಮೆ 25ರಿಂದ 30 ಶೇಕಡಾ ನೀರು ಬದಲಿಸಿ. ಸೈಫನ್ ಪೈಪಿನಿಂದ ತಳದ ಕೊಳೆಯನ್ನೂ ಎಳೆಯಿರಿ. ನಲ್ಲಿ ನೀರಾದರೆ ಕ್ಲೋರಿನ್ ತೆಗೆಯುವ ದ್ರಾವಣ ಹಾಕಿಯೇ ತುಂಬಿಸಿ. ಫಿಲ್ಟರಿನ ಸ್ಪಾಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಅದರಲ್ಲೇ ಮನೆ ಮಾಡಿರುತ್ತವೆ, ಕ್ಲೋರಿನ್ ಅವನ್ನು ಕೊಲ್ಲುತ್ತದೆ. ತೊಟ್ಟಿಯಿಂದ ತೆಗೆದ ನೀರಿನ ಬಕೆಟ್ಟಿನಲ್ಲೇ ಹಿಂಡಿ ತೆಗೆದರೆ ಆಯಿತು.

ಟೆಸ್ಟ್ ಕಿಟ್ ಇದ್ದರೆ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸಬೇಕು. ನೈಟ್ರೇಟ್ ಲೀಟರಿಗೆ 40 ಮಿಲಿಗ್ರಾಂ ದಾಟಿದ್ದರೆ ನೀರು ಬದಲಿಸುವುದು ಸಾಲುತ್ತಿಲ್ಲ ಅಥವಾ ಮೀನು ಜಾಸ್ತಿಯಾಗಿವೆ ಅಂತ ಅರ್ಥ. ಬೇಗ ಬೆಳೆಯುವ ಗಿಡಗಳನ್ನು ಹಾಕಿದರೆ ಅವು ಈ ನೈಟ್ರೇಟನ್ನು ಪಾಚಿಗಿಂತ ಮೊದಲೇ ಎಳೆದುಕೊಳ್ಳುತ್ತವೆ. ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ, ತೇಲುವ ಅಂತರಗಂಗೆ ಈ ಕೆಲಸಕ್ಕೆ ಚೆನ್ನಾಗಿವೆ.

ಇಷ್ಟು ಮಾಡಿ ಎರಡು ಮೂರು ವಾರ ಕಾಯಿರಿ. ದಿನಕ್ಕೊಂದು ಬದಲಾವಣೆ ಮಾಡುತ್ತಾ ಹೋದರೆ ಯಾವುದು ಕೆಲಸ ಮಾಡಿತು ಅಂತ ಗೊತ್ತಾಗುವುದೇ ಇಲ್ಲ.

ಹಠಮಾರಿಗಳು ಇಬ್ಬರು

ಕಪ್ಪು ಗಡ್ಡ ಪಾಚಿ ಮೇಲಿನ ಯಾವುದಕ್ಕೂ ಬೇಗ ಬಗ್ಗುವುದಿಲ್ಲ. ಜಾಸ್ತಿ ಹಿಡಿದ ಎಲೆಗಳನ್ನು ಕತ್ತರಿಸಿ ಬಿಸಾಡಿ. ಗಿಡಗಳಿಗೆ ಇಂಗಾಲದ ಡೈಆಕ್ಸೈಡ್ ಬಿಡುವವರು ಅದು ದಿನಕ್ಕೊಂದು ಥರ ಏರಿಳಿಯದಂತೆ ನೋಡಿಕೊಳ್ಳಿ, ಈ ಏರಿಳಿತ ಇದಕ್ಕೆ ಬಲು ಇಷ್ಟ. ಉಳಿದದ್ದಕ್ಕೆ ಔಷಧಿ ಅಂಗಡಿಯಲ್ಲಿ ಗಾಯಕ್ಕೆ ಹಚ್ಚಲು ಸಿಗುವ 3 ಶೇಕಡಾದ ಹೈಡ್ರೋಜನ್ ಪೆರಾಕ್ಸೈಡ್ ಬಳಸಬಹುದು. ಅದಕ್ಕಿಂತ ಗಾಢವಾದದ್ದು ಬೇಡ.

ಫಿಲ್ಟರ್ ನಿಲ್ಲಿಸಿ. 10 ಲೀಟರ್ ನೀರಿಗೆ 3 ಮಿಲಿಲೀಟರ್ ದಾಟದಂತೆ ಸಿರಿಂಜಿಗೆ ತೆಗೆದುಕೊಂಡು, ಸೂಜಿ ಇಲ್ಲದೆ, ಪಾಚಿಯ ಪಕ್ಕಕ್ಕೇ ಹಿಡಿದು ನಿಧಾನವಾಗಿ ಬಿಡಿ. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತವೆ. ಹತ್ತು ಹದಿನೈದು ನಿಮಿಷ ಬಿಟ್ಟು ಫಿಲ್ಟರ್ ಹಾಕಿ. ಕೆಲವು ದಿನಗಳಲ್ಲಿ ಕಪ್ಪು ಕುಚ್ಚು ಕೆಂಪಾಗಿ, ಆಮೇಲೆ ಬೆಳ್ಳಗಾಗುತ್ತದೆ. ಕೆಂಪು ಕಂಡರೆ ಸತ್ತಿತು ಅಂತಲೇ. ಆಗ ಸೀಗಡಿಗಳು ಬಂದು ತಿಂದು ಮುಗಿಸುತ್ತವೆ. ಪಾಚಿ ಬದುಕಿದ್ದಾಗ ಮೂಸಿಯೂ ನೋಡದವು ಸತ್ತ ಮೇಲೆ ಸಾಲುಗಟ್ಟುತ್ತವೆ! ವ್ಯಾಲಿಸ್ನೇರಿಯಾ, ಜಾವಾ ಮಾಸ್‌ನಂತಹ ನಾಜೂಕು ಗಿಡಗಳ ಮೇಲೆ ಪೆರಾಕ್ಸೈಡ್ ನೇರವಾಗಿ ಬಿಡಬೇಡಿ, ಸುಟ್ಟುಹೋಗುತ್ತವೆ.

ನೀಲಿಹಸಿರು ಲೋಳೆಗೆ ದಾರಿ ಬೇರೆ. ಮೊದಲು ಸೈಫನ್ ಹಿಡಿದು ಪದರ ಪದರವಾಗಿ ಎಳೆದು ತೆಗೆಯಿರಿ, ಉಜ್ಜಿ ಚದುರಿಸಬೇಡಿ. ನೀರು ಓಡಾಡದ ಮೂಲೆಗಳಲ್ಲಿ ಇದು ಜಾಸ್ತಿ, ಹಾಗಾಗಿ ಪಂಪಿನ ಬಾಯಿ ಆ ಕಡೆ ತಿರುಗಿಸಿ. ನಂತರ ಹಸಿರು ನೀರಿಗೆ ಹೇಳಿದ ಹಾಗೆಯೇ ಕತ್ತಲು ಮಾಡಿ. ಎರಿಥ್ರೋಮೈಸಿನ್ ಹಾಕಿದರೆ ಹೋಗುತ್ತದೆ ಅನ್ನುವುದು ನಿಜ, ಆದರೆ ಅದು ಆ್ಯಂಟಿಬಯೋಟಿಕ್. ಪಶುವೈದ್ಯರನ್ನು ಕೇಳದೆ ನೀರಿಗೆ ಸುರಿಯುವ ವಸ್ತುವಲ್ಲ.

ಪಾಚಿ ತಿನ್ನುವವರು

ಸಕ್ಕರ್ ಮೀನು, ಅಂದರೆ ಪ್ಲೆಕೋ, ತಂದುಬಿಟ್ಟರೆ ಎಲ್ಲ ಸ್ವಚ್ಛ ಅನ್ನುವ ನಂಬಿಕೆ ಎಲ್ಲ ಕಡೆ ಇದೆ. ಅಂಗಡಿಯಲ್ಲಿ ಬೆರಳುದ್ದ ಇರುವ ಸಾಮಾನ್ಯ ಪ್ಲೆಕೋ 30 ಸೆಂಟಿಮೀಟರ್ ದಾಟಿ ಬೆಳೆಯುತ್ತದೆ, ತಿಂದ ಪಾಚಿಗಿಂತ ಹಾಕುವ ಹೊಲಸೇ ಜಾಸ್ತಿ. ಚಿಕ್ಕ ತೊಟ್ಟಿಗೆ ಅದು ಬೇಡವೇ ಬೇಡ. ಗಾಜಿಗೆ ನೆರೈಟ್ ಬಸವನಹುಳು ಒಳ್ಳೆಯದು, ಸಿಹಿನೀರಿನಲ್ಲಿ ಅದರ ಮರಿಗಳು ಬದುಕುವುದಿಲ್ಲ, ಹಾಗಾಗಿ ಸಂಖ್ಯೆ ಏರುವುದಿಲ್ಲ. ಎಳೆ ಪಾಚಿಗೆ ಅಮಾನೋ ಸೀಗಡಿ. ಕಂದು ಪುಡಿಗೆ ಒಟೋಸಿಂಕ್ಲಸ್ ಎಂಬ ಪುಟ್ಟ ಮೀನು, ಆದರೆ ಹೊಸ ತೊಟ್ಟಿಯಲ್ಲಿ ಅದು ಉಳಿಯುವುದು ಕಷ್ಟ. ಕಪ್ಪು ಗಡ್ಡಕ್ಕೆ ಸಯಾಮೀಸ್ ಆಲ್ಗೀ ಈಟರ್. ಅದರ ಮೈಯ ಕಪ್ಪು ಪಟ್ಟೆ ಬಾಲದ ರೆಕ್ಕೆಯ ತುದಿವರೆಗೂ ಹೋಗಿರುತ್ತದೆ, ಕೊಳ್ಳುವಾಗ ಅದನ್ನು ನೋಡಿ. ಅದೇ ಹೆಸರಿನಲ್ಲಿ ಮಾರುವ ಚೈನೀಸ್ ಜಾತಿ ದೊಡ್ಡದಾದ ಮೇಲೆ ಬೇರೆ ಮೀನುಗಳನ್ನು ಅಟ್ಟಾಡಿಸುತ್ತದೆ.

ಕರೆಯದೆ ಬಂದ ಅತಿಥಿಗಳು

ಬಸವನಹುಳು ಹೆಚ್ಚಾಗಿ ಬರುವುದು ಹೊಸ ಗಿಡದ ಜೊತೆ, ಎಲೆಯ ಅಡಿ ಅಂಟಿದ ಜೆಲ್ಲಿಯಂಥ ಮೊಟ್ಟೆಯಾಗಿ. ಹಿಡಿಯುವುದು ಸುಲಭ. ರಾತ್ರಿ ದೀಪ ಆರಿದ ಮೇಲೆ ಒಂದು ಹೋಳು ಸೌತೆಕಾಯಿಯನ್ನು ಫೋರ್ಕಿಗೆ ಚುಚ್ಚಿ ತಳಕ್ಕೆ ಇಳಿಸಿ. ಬೆಳಗ್ಗೆ ದೀಪ ಹಾಕುವ ಮೊದಲೇ ಎತ್ತಿದರೆ ಹುಳುಗಳೆಲ್ಲ ಅದಕ್ಕೆ ಅಂಟಿರುತ್ತವೆ. ಒಂದು ವಾರ ಹೀಗೆ ಮಾಡಿ. ಊಟ ಕಡಿಮೆ ಮಾಡದಿದ್ದರೆ ಮಾತ್ರ ಹಿಡಿದಷ್ಟೂ ಹುಟ್ಟುತ್ತವೆ. ಬಸವನಹುಳುವನ್ನೇ ತಿನ್ನುವ ಅಸಾಸಿನ್ ಬಸವನಹುಳು ಕೂಡ ಸಿಗುತ್ತದೆ, ಅದು ನೆರೈಟನ್ನೂ ಬಿಡುವುದಿಲ್ಲ ಅನ್ನುವುದು ನೆನಪಿರಲಿ. ತಾಮ್ರದ ಔಷಧಿ ಹಾಕಿದರೆ ಹುಳುಗಳ ಜೊತೆ ಸೀಗಡಿಗಳೂ ಸಾಯುತ್ತವೆ, ನೂರಾರು ಹುಳು ಒಟ್ಟಿಗೆ ಸತ್ತು ಅಮೋನಿಯಾ ಏರಿ ಮೀನಿಗೂ ಕುತ್ತು. ಮರಳಿನಲ್ಲಿ ಹೂತುಕೊಂಡು ಓಡಾಡುವ, ಉದ್ದ ಶಂಕುವಿನಂತಹ ಟ್ರಂಪೆಟ್ ಬಸವನಹುಳುಗಳು ಮರಳನ್ನು ಸಡಿಲ ಮಾಡುತ್ತವೆ. ನಾನಾದರೆ ಅವನ್ನು ತೆಗೆಯುವುದಿಲ್ಲ.

ಬಿಳಿ ಹುಳು ಕಂಡು ಗಾಬರಿಯಾಗುವವರು ಬಹಳ. ದಾರದಂತೆ ತೆಳ್ಳಗಿದ್ದು ನೀರಲ್ಲಿ ಬಳುಕುತ್ತಿದ್ದರೆ ಅದು ಕೊಳೆ ತಿನ್ನುವ ಹುಳು, ನಿರುಪದ್ರವಿ. ಚಪ್ಪಟೆಯಾಗಿ ಗಾಜಿನ ಮೇಲೆ ಜಾರುತ್ತಾ, ತಲೆ ತ್ರಿಕೋನವಾಗಿ, ಎರಡು ಚುಕ್ಕೆ ಕಣ್ಣು ಇದ್ದರೆ ಪ್ಲನೇರಿಯಾ. ಇದು ಸೀಗಡಿ ಮರಿಗಳನ್ನು ತಿನ್ನುತ್ತದೆ. ಗಾಜಿಗೆ ಒತ್ತಿ ಕತ್ತರಿಸಲು ಹೋಗಬೇಡಿ, ಒಂದೊಂದು ತುಂಡೂ ಹೊಸ ಹುಳುವಾಗುತ್ತದೆ. ಮುಚ್ಚಳದಲ್ಲಿ ಸಣ್ಣ ತೂತು ಮಾಡಿದ ಪುಟ್ಟ ಡಬ್ಬಿಯಲ್ಲಿ ಮಾಂಸದ ಚೂರು ಇಟ್ಟು ರಾತ್ರಿ ಮುಳುಗಿಸಿದರೆ ಒಳಗೆ ಬಂದು ಸೇರುತ್ತವೆ.

ಹೈಡ್ರಾ ಗುರುತಿಸಲು ಒಂದು ಕಡ್ಡಿ ಸಾಕು. ಗಾಜಿಗೆ ಅಂಟಿ, ತುದಿಯಲ್ಲಿ ಕೂದಲಿನಂತಹ ತೋಳುಗಳನ್ನು ಚಾಚಿಕೊಂಡಿರುತ್ತದೆ. ಕಡ್ಡಿ ತಾಗಿಸಿದರೆ ಸಟ್ಟನೆ ಮುದುಡಿ ಸಾಸಿವೆಯಷ್ಟಾಗುತ್ತದೆ. ದೊಡ್ಡ ಮೀನಿಗೆ ಏನೂ ಮಾಡದು, ಆಗಷ್ಟೇ ಹುಟ್ಟಿದ ಮರಿಗಳನ್ನು ಹಿಡಿಯುತ್ತದೆ. ಮೀನುಮರಿಗಳಿಗೆ ಊಟವಾಗಿ ಹಾಕುವ ಆರ್ಟೀಮಿಯಾ (ಸೀಗಡಿಯಂಥ ಪುಟ್ಟ ಉಪ್ಪುನೀರಿನ ಜೀವಿ) ಉಳಿದುಹೋದಾಗಲೇ ಇದು ಹೆಚ್ಚುವುದು. ಹೈಡ್ರಾ, ಪ್ಲನೇರಿಯಾ ಎರಡಕ್ಕೂ ಫೆನ್‌ಬೆಂಡಜೋಲ್ ಎಂಬ ಜಂತುಹುಳದ ಔಷಧಿ ಕೆಲಸ ಮಾಡುತ್ತದೆ, ಆದರೆ ನೆರೈಟ್‌ಗಳನ್ನು ಮೊದಲು ಬೇರೆ ನೀರಿಗೆ ಹಾಕಿ, ಅವು ತಡೆಯುವುದಿಲ್ಲ.

ಮರಿಗಳು ದಿನಕ್ಕೊಂದರಂತೆ ಕಾಣೆಯಾಗುತ್ತಿದ್ದು ಕಾರಣ ಗೊತ್ತಾಗದಿದ್ದರೆ ಗಿಡಗಳ ಬುಡ ಹುಡುಕಿ. ಏರೋಪ್ಲೇನ್ ಚಿಟ್ಟೆಯ ಮರಿ ಅಡಗಿರಬಹುದು. ಕೆಳದವಡೆಯನ್ನು ಬಾಣದಂತೆ ಮುಂದಕ್ಕೆ ಚಾಚಿ ಬೇಟೆ ಹಿಡಿಯುವ ಪ್ರಾಣಿ ಅದು. ಬಲೆಯಿಂದ ಎತ್ತಿ ಹೊರಗೆ ಹಾಕಿ, ಔಷಧಿ ಬೇಕಿಲ್ಲ.

ಇವೆಲ್ಲ ಒಳಗೆ ಬಾರದಂತೆ ಮಾಡಲು ಹೊಸ ಗಿಡಗಳನ್ನು ಅದ್ದಿ ತೆಗೆಯುವ ಕ್ರಮ ಇದೆ. 19 ಪಾಲು ನೀರಿಗೆ 1 ಪಾಲು ಮನೆಬಳಕೆಯ, ವಾಸನೆ ಸೇರಿಸದ ಬ್ಲೀಚ್ ಬೆರೆಸಿ, ಗಟ್ಟಿ ಎಲೆಯ ಗಿಡಗಳನ್ನು ಎರಡು ನಿಮಿಷ ಅದ್ದಿ, ಚೆನ್ನಾಗಿ ತೊಳೆದು, ಕ್ಲೋರಿನ್ ತೆಗೆಯುವ ದ್ರಾವಣ ಹಾಕಿದ ನೀರಿನಲ್ಲಿ ಇಡಿ. ಮೆತ್ತನೆ ಗಿಡಗಳು ಇದನ್ನು ತಡೆಯವು, ಅವನ್ನು ಬೇರೆ ಬಕೆಟ್ಟಿನಲ್ಲಿ ಕೆಲವು ವಾರ ಇಟ್ಟು ನೋಡಿ. ಹೊಸ ಮೀನುಗಳಿಗೂ 2ರಿಂದ 4 ವಾರ ಬೇರೆ ತೊಟ್ಟಿ.

ಕೊಳದ ಲೆಕ್ಕವೇ ಬೇರೆ

ತೋಟದ ಕೊಳದಲ್ಲಿ ಬಿಸಿಲನ್ನು ಸ್ವಿಚ್ ಒತ್ತಿ ಆರಿಸಲು ಆಗದು. ನೆರಳು ನಾವೇ ಮಾಡಬೇಕು. ನೈದಿಲೆ, ತಾವರೆ, ತೇಲುವ ಗಿಡಗಳು ನೀರಿನ ಮೇಲ್ಮೈಯ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮುಚ್ಚಿದ್ದರೆ ಸಾಕು. ಪೂರ್ತಿ ಮುಚ್ಚಿದರೆ ಗಾಳಿ ಸೇರದು. ಮಳೆ ಬಂದಾಗ ಸುತ್ತಲಿನ ಗಿಡಗಳಿಗೆ ಹಾಕಿದ ಗೊಬ್ಬರ ಕೊಚ್ಚಿ ಬಂದು ಕೊಳ ಸೇರದಂತೆ ಅಂಚನ್ನು ನೆಲಕ್ಕಿಂತ ತುಸು ಎತ್ತರಿಸಿ. ಉದುರಿದ ಎಲೆಗಳನ್ನು ಮುಳುಗುವ ಮೊದಲೇ ಬಲೆಯಿಂದ ತೆಗೆಯಿರಿ.

ಎಳೆ ಪಾಚಿಯನ್ನು ಒರಟು ಕೋಲಿಗೆ ಸುತ್ತಿ ಎಳೆಯಿರಿ. ತೆಗೆದ ರಾಶಿಯನ್ನು ಒಂದು ರಾತ್ರಿ ಕೊಳದ ಅಂಚಿನಲ್ಲೇ ಬಿಡಿ, ಅದರಲ್ಲಿ ಸಿಕ್ಕಿಕೊಂಡ ಗೊದಮೊಟ್ಟೆ, ಪುಟ್ಟ ಹುಳುಗಳು ನೀರಿಗೆ ವಾಪಸ್ ಹೋಗುತ್ತವೆ. ಹಸಿರು ನೀರಿಗೆ ಪಂಪಿನ ದಾರಿಯಲ್ಲಿ ಯುವಿ ದೀಪ ಜೋಡಿಸುವುದು ನಿಜಕ್ಕೂ ಕೆಲಸ ಮಾಡುತ್ತದೆ. ಆದರೆ ದೀಪದ ಮುಂದೆ ಹಾದುಹೋಗುವ ಪಾಚಿಯನ್ನಷ್ಟೇ ಅದು ಕೊಲ್ಲಬಲ್ಲದು, ಕಲ್ಲಿಗೆ ಅಂಟಿದ ಎಳೆಗಳಿಗೆ ಅದರಿಂದ ಏನೂ ಆಗದು. ಬಲ್ಬ್ ಉರಿಯುತ್ತಿದ್ದರೂ ಶಕ್ತಿ ಕುಂದುತ್ತದೆ, ವರ್ಷಕ್ಕೊಮ್ಮೆ ಬದಲಿಸಿ. ಬಾರ್ಲಿ ಹುಲ್ಲನ್ನು ಬಲೆಚೀಲದಲ್ಲಿ ಕಟ್ಟಿ ತೇಲಿಬಿಡುವ ಹಳೆಯ ಪದ್ಧತಿಯೂ ಇದೆ. ಅದು ಇರುವ ಪಾಚಿಯನ್ನು ಕೊಲ್ಲುವುದಿಲ್ಲ, ಹೊಸದನ್ನು ತಡೆಯುತ್ತದೆ ಅಷ್ಟೇ, ಅದೂ ಕೆಲವು ವಾರ ಕೊಳೆತ ಮೇಲೆ. ಕೆಲವು ಕೊಳಗಳಲ್ಲಿ ಫಲ ಕೊಡುತ್ತದೆ, ಕೆಲವು ಕಡೆ ಇಲ್ಲ.

ಕೊಳದಲ್ಲಿ ನಿಜವಾದ ಅಪಾಯ ಕಾಣುವುದು ನಸುಕಿನಲ್ಲಿ. ಹಗಲು ಆಮ್ಲಜನಕ ಕೊಡುವ ಪಾಚಿ ರಾತ್ರಿಯಿಡೀ ಅದನ್ನು ಬಳಸುತ್ತದೆ, ಸೂರ್ಯ ಹುಟ್ಟುವ ಹೊತ್ತಿಗೆ ನೀರಿನಲ್ಲಿ ಅತಿ ಕಡಿಮೆ ಉಳಿದಿರುತ್ತದೆ. ಆಗ ಹೋಗಿ ನೋಡಿ. ಮೀನುಗಳು ಮೇಲ್ಮೈಗೆ ಬಂದು ಬಾಯಿ ಬಡಿಯುತ್ತಿದ್ದರೆ, ನೀರು ಬೀಳುವ ಜಾಗದಲ್ಲಿ ಗುಂಪಾಗಿದ್ದರೆ ಉಸಿರಿಗೆ ಕಷ್ಟವಾಗಿದೆ. ಕರೆಂಟ್ ಉಳಿಸಲು ರಾತ್ರಿ ಕಾರಂಜಿ ನಿಲ್ಲಿಸುವವರು ಲೆಕ್ಕ ತಿರುಗಿಸಿ ಮಾಡುತ್ತಿದ್ದಾರೆ. ನಿಲ್ಲಿಸುವುದಿದ್ದರೆ ಹಗಲು ನಿಲ್ಲಿಸಿ. ಪಾಚಿನಾಶಕ ಹಾಕಲೇಬೇಕಾದರೂ ಇದೇ ಕಾರಣಕ್ಕೆ ಒಂದು ಸಲಕ್ಕೆ ಕೊಳದ ಮೂರನೇ ಒಂದು ಭಾಗಕ್ಕಷ್ಟೇ ಹಾಕಬೇಕು. ತಾಮ್ರ ಇರುವ ನಾಶಕ ಮೆದು ನೀರಿನಲ್ಲಿ (ಖನಿಜಾಂಶ ಕಡಿಮೆ ಇರುವ ನೀರಿನಲ್ಲಿ) ಮೀನಿಗೆ ಇನ್ನಷ್ಟು ವಿಷ.

ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದಂತೆ ಕೆನೆ ಕಟ್ಟಿದರೆ ಕೈ ಹಾಕಬೇಡಿ. ಕೆಲವು ಸಯನೋಬ್ಯಾಕ್ಟೀರಿಯಾಗಳ ವಿಷ ನಾಯಿ, ದನಗಳನ್ನೂ ಕೊಲ್ಲುವಷ್ಟು ಬಲವಾಗಿರುತ್ತದೆ. ಮಕ್ಕಳನ್ನೂ ದೂರ ಇಡಿ.

ಸೊಳ್ಳೆ, ಹೇನು, ಕೊಕ್ಕರೆ

ಬೆಚ್ಚಗಿನ ನೀರಿನಲ್ಲಿ ಸೊಳ್ಳೆಯ ಮೊಟ್ಟೆ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ ಸಾಕು. ಮೀನು ಇರುವ, ನೀರು ಅಲುಗಾಡುವ ಕೊಳದಲ್ಲಿ ಇದು ದೊಡ್ಡ ಸಮಸ್ಯೆಯೇ ಅಲ್ಲ. ಮರಿಗಳು ಸಿಗುವುದು ಪಕ್ಕದ ನೈದಿಲೆ ತೊಟ್ಟಿಯಲ್ಲಿ, ಕುಂಡದ ತಟ್ಟೆಯಲ್ಲಿ. ಅಂತಲ್ಲಿ ಬಿಟಿಐ ಎಂಬ ಬ್ಯಾಕ್ಟೀರಿಯಾದ ಹರಳು ಹಾಕಿ. ಅದು ಸೊಳ್ಳೆಮರಿಯನ್ನು ಕೊಲ್ಲುತ್ತದೆ, ಮೀನು, ಕಪ್ಪೆಗೆ ತೊಂದರೆ ಇಲ್ಲ. ಸೀಮೆಎಣ್ಣೆ ಸುರಿಯುವುದು ಬೇಡ, ನೀರಿನ ಜೀವಗಳೆಲ್ಲ ಉಸಿರುಗಟ್ಟುತ್ತವೆ.

ನೈದಿಲೆ ಎಲೆಗಳಿಗೆ ಕಪ್ಪು ಹೇನು ಹತ್ತಿದರೆ ಪೈಪಿನಿಂದ ಜೋರಾಗಿ ನೀರು ಹೊಡೆದು ಕೊಳಕ್ಕೇ ಬೀಳಿಸಿ. ಮೀನು ತಿನ್ನುತ್ತವೆ. ಕೀಟನಾಶಕವೂ ಬೇಡ, ಸೋಪಿನ ನೀರೂ ಬೇಡ, ಎರಡೂ ಮೀನಿನ ಕಿವಿರಿಗೆ ಮಾರಕ.

ಮೀನು ಕಲ್ಲಿಗೆ ಮೈ ಉಜ್ಜುತ್ತಿದ್ದರೆ ಹತ್ತಿರದಿಂದ ನೋಡಿ. ಗಾಜಿನ ಬಿಲ್ಲೆಯಂತೆ ಚಪ್ಪಟೆಯಾಗಿ ಅಂಟಿಕೊಂಡು ಜಾರುತ್ತಿದ್ದರೆ ಮೀನು ಹೇನು. ಮೈಯಿಂದ ದಾರ ಹೊರಟಂತಿದ್ದರೆ ಆ್ಯಂಕರ್ ಹುಳು. ಆ್ಯಂಕರ್ ಹುಳುವನ್ನು ಚಿಮಟದಿಂದ ಚರ್ಮಕ್ಕೆ ತಾಗುವಷ್ಟು ಹತ್ತಿರ ಹಿಡಿದು ನಿಧಾನವಾಗಿ ಎಳೆಯಬೇಕು, ನಡುವೆ ತುಂಡಾದರೆ ತಲೆ ಒಳಗೇ ಉಳಿಯುತ್ತದೆ. ಎರಡರ ಮರಿಗಳೂ ನೀರಿನಲ್ಲಿ ಈಜುತ್ತಿರುತ್ತವೆ, ಹಾಗಾಗಿ ಒಂದೇ ಸಲದ ಔಷಧಿ ಸಾಲದು. ಯಾವ ಔಷಧಿ, ಎಷ್ಟು ದಿನಕ್ಕೊಮ್ಮೆ ಅನ್ನುವುದನ್ನು ಮೀನು ಬಲ್ಲ ಪಶುವೈದ್ಯರಿಂದ ಕೇಳಿ ಹಾಕಿ. ಈ ಔಷಧಿಗಳು ಸೀಗಡಿಗಳನ್ನೂ ಕೊಲ್ಲುತ್ತವೆ.

ಕೊಕ್ಕರೆ ಆಳವಿಲ್ಲದ ಅಂಚಿನಿಂದ ನಡೆದು ಒಳಗೆ ಬರುತ್ತದೆ. ಅಂಚು ಕಡಿದಾಗಿದ್ದು, ನಡುವೆ ಮೀನು ಅವಿತುಕೊಳ್ಳಲು ಆಳವಿದ್ದರೆ ಅದಕ್ಕೆ ಕಷ್ಟ. ಇಲ್ಲದಿದ್ದರೆ ಬಿಗಿಯಾಗಿ ಬಲೆ ಕಟ್ಟಿ, ಜೋಲುವ ಬಲೆಯಲ್ಲಿ ಹಕ್ಕಿಯೂ ಹಾವೂ ಸಿಕ್ಕಿಬೀಳುತ್ತವೆ. ಪ್ಲಾಸ್ಟಿಕ್ ಕೊಕ್ಕರೆ ನಿಲ್ಲಿಸಿದರೆ ನಿಜವಾದ ಕೊಕ್ಕರೆಗೆ ಅದು ಬೇಗನೆ ಅಭ್ಯಾಸವಾಗಿ, ಪಕ್ಕದಲ್ಲೇ ನಿಂತು ಮೀನು ಹಿಡಿಯುತ್ತದೆ.

ತೆಗೆದದ್ದನ್ನು ಏನು ಮಾಡಬೇಕು

ಹೆಚ್ಚಾದ ಅಂತರಗಂಗೆ, ಡಕ್‌ವೀಡ್, ಬಸವನಹುಳು, ಬೇಡವಾದ ಮೀನು ಯಾವುದನ್ನೂ ಕೆರೆಗೆ, ಹಳ್ಳಕ್ಕೆ, ಚರಂಡಿಗೆ ಬಿಡಬೇಡಿ. ಅಂತರಗಂಗೆ ಕೆರೆಗಳನ್ನು ಮುಚ್ಚಿದ್ದು, ಪ್ಲೆಕೋ ಹೊಳೆಗಳಲ್ಲಿ ತುಂಬಿಕೊಂಡದ್ದು ಹೀಗೆಯೇ. ಗಿಡ, ಪಾಚಿಗಳನ್ನು ಬಿಸಿಲಲ್ಲಿ ಪೂರ್ತಿ ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ. ಬಸವನಹುಳುಗಳನ್ನು ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಒಂದು ದಿನ ಇಟ್ಟು ಬಿಸಾಡಿ. ಔಷಧಿ ಹಾಕಿರದಿದ್ದರೆ ಸೈಫನ್ ಮಾಡಿದ ನೀರನ್ನು ಗಿಡಗಳಿಗೆ ಸುರಿಯಬಹುದು. ಬಲೆ, ಬ್ರಷ್, ಬಕೆಟ್ಟುಗಳನ್ನು ಚೆನ್ನಾಗಿ ಒಣಗಿಸಿದ ಮೇಲೆಯೇ ಇನ್ನೊಂದು ತೊಟ್ಟಿಗೆ ಇಳಿಸಿ, ಒದ್ದೆ ಬಲೆಯಲ್ಲೇ ಹೈಡ್ರಾ ಊರು ಬದಲಿಸುತ್ತದೆ.